ಕೊನೆಯ ಪುಟ ಯಾರಿಗೂ ನೆನಪಿಲ್ಲ

ಹೋದ ತಿಂಗಳಿಂದ ಒಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ತಂಗಿ ಮಗ ಆಡಿದ ಮಾತು. ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾನೆ, ಓದುವ ಹುಡುಗ. ನಮ್ಮ ಮನೆಗೆ ಬಂದರೆ ಮೊದಲು ಪುಸ್ತಕದ ಬೀರು ಮುಂದೆ ನಿಲ್ಲುತ್ತಾನೆ, ಅಡುಗೆಮನೆಗೆ ಬರುವುದು ಆಮೇಲೆ. ಡ್ಯಾನ್ ಬ್ರೌನ್ ಬರೆದ ‘ಏಂಜಲ್ಸ್ ಅಂಡ್ ಡೀಮನ್ಸ್’ ಕಾದಂಬರಿಯನ್ನು ನನ್ನ ಹತ್ತಿರವೇ ತಗೊಂಡು ಹೋಗಿ ಎರಡು ರಾತ್ರಿಯಲ್ಲಿ ಮುಗಿಸಿದ. ವಾಪಸ್ ಕೊಡುವಾಗ ಹೇಳಿದ, “ದೊಡ್ಡಮ್ಮ, ಇಲ್ಯುಮಿನಾಟಿ ಈಗಲೂ ಇದೆ ಅಂತ ಇಷ್ಟು ಸ್ಪಷ್ಟವಾಗಿ ಬರೆದಿದ್ದಾರಲ್ಲ, ಯಾರೂ ಯಾಕೆ ಮಾತಾಡಲ್ಲ?”

ಇಲ್ಯುಮಿನಾಟಿ ಅಂದರೆ ಒಂದು ಹಳೆಯ ಗುಪ್ತ ಸಂಘ. ನಾನೂ ಹೌದೌದು ಅಂದೆ. ರಾತ್ರಿ ಪಾತ್ರೆ ತೊಳೆಯುವಾಗ ಕೈ ನಿಂತುಹೋಯಿತು. ಆ ಪುಸ್ತಕದಲ್ಲಿ ಹಾಗೆ ಬರೆದೇ ಇಲ್ಲ. ಬರೆದಿರುವುದು ಅದರ ಉಲ್ಟಾ. ಕೈ ಒರೆಸಿಕೊಂಡು ಬಂದು ಕೊನೆಯ ಅಧ್ಯಾಯಗಳನ್ನು ಮತ್ತೆ ತೆಗೆದು ನೋಡಿದೆ. ಹೌದು, ಉಲ್ಟಾ.

(ಇನ್ನೂ ಓದದವರು ಮುಂದಿನ ಪ್ಯಾರಾ ಬಿಟ್ಟು ಕೆಳಗೆ ಹೋಗಿ. ಗುಟ್ಟು ಹೇಳದೆ ಈ ಬರಹ ಮುಂದಕ್ಕೆ ಹೋಗುವುದಿಲ್ಲ.)

ಕಥೆಯಲ್ಲಿ ಪೋಪ್ ತೀರಿಕೊಂಡಿರುತ್ತಾರೆ. ಹೊಸ ಪೋಪ್ ಆಯ್ಕೆ ನಡೆಯಬೇಕಾದ ದಿನವೇ ನಾಲ್ವರು ಕಾರ್ಡಿನಲ್‌ಗಳು ಕಾಣೆಯಾಗುತ್ತಾರೆ. ವ್ಯಾಟಿಕನ್‌ನ ಎಲ್ಲೋ ಒಂದು ಮೂಲೆಯಲ್ಲಿ ಆಂಟಿಮ್ಯಾಟರ್ (ಮಾಮೂಲಿ ವಸ್ತುವಿಗೆ ತಾಗಿದರೆ ಎರಡೂ ನಾಶವಾಗಿ ಶಕ್ತಿಯಾಗುವಂಥದ್ದು) ತುಂಬಿದ ಡಬ್ಬಿ, ಅದರ ಬ್ಯಾಟರಿ ಮುಗಿದರೆ ಎಲ್ಲ ಬೂದಿ. ಎಲ್ಲದರ ಹಿಂದೆ ಇರುವುದು ಇಲ್ಯುಮಿನಾಟಿ, ನಾನೂರು ವರ್ಷದ ಸೇಡು ತೀರಿಸಿಕೊಳ್ಳಲು ಬಂದಿರುವ ವಿಜ್ಞಾನಿಗಳ ಗುಪ್ತ ಸಂಘ ಅಂತ ನಾವು ನಂಬುತ್ತಾ ಹೋಗುತ್ತೇವೆ. ಕೊನೆಗೆ ನೋಡಿದರೆ ಅಂಥ ಸಂಘ ಈಗ ಇಲ್ಲವೇ ಇಲ್ಲ. ಅದರ ಹೆಸರು ಹಾಕಿಕೊಂಡು ಆಟ ಕಟ್ಟಿದವನು ಒಬ್ಬನೇ, ಅದೂ ಪೋಪ್ ಅವರ ಪಕ್ಕದಲ್ಲೇ ಇದ್ದವನು. ಜನ ವಿಜ್ಞಾನಕ್ಕೆ ಹೆದರಿ ಮತ್ತೆ ದೇವರ ಕಡೆ ಓಡಿಬರಲಿ ಅಂತ ಭೂತವನ್ನು ತಾನೇ ಬರೆದು ತಾನೇ ಓಡಿಸಿದವನು. ಲೇಖಕ ಇದನ್ನು ಮುಚ್ಚಿಟ್ಟಿಲ್ಲ. ಪುಟಗಟ್ಟಲೆ ಬಿಡಿಸಿ ಹೇಳಿದ್ದಾನೆ.

ಆದರೂ ಆ ಹುಡುಗನ ನೆನಪಿನಲ್ಲಿ ಉಳಿದದ್ದು ಇಲ್ಯುಮಿನಾಟಿ ಇದೆ ಅನ್ನುವುದು. ನನ್ನ ನೆನಪಿನಲ್ಲೂ ಅಷ್ಟೇ. ನಾನು ಅದನ್ನು ಮೊದಲು ಓದಿ ಹದಿನೈದು ವರ್ಷದ ಮೇಲಾಯಿತು, ಹಳೆ ಪುಸ್ತಕದ ಅಂಗಡಿಯಿಂದ ತಂದದ್ದು, ರಟ್ಟು ಹರಿದಿತ್ತು. ಇಷ್ಟು ವರ್ಷ ಯಾರಾದರೂ ಕೇಳಿದರೆ “ಅದೇ, ಚರ್ಚಿನ ಮೇಲೆ ಸೇಡು ತೀರಿಸಿಕೊಳ್ಳೋ ವಿಜ್ಞಾನಿಗಳ ಕಥೆ” ಅನ್ನುತ್ತಿದ್ದೆ. ಅದು ಆ ಕಥೆ ಅಲ್ಲ. ಆ ಕಥೆಯೊಳಗೆ ಒಬ್ಬ ಹೇಳಿದ ಸುಳ್ಳು. ಸುಳ್ಳು ನೆನಪಿದೆ, ಸುಳ್ಳು ಬಯಲಾದದ್ದು ನೆನಪಿಲ್ಲ. ಇದು ಯಾಕೆ ಹೀಗೆ ಅಂತ ಅವತ್ತಿನಿಂದ ಯೋಚನೆ ಮಾಡುತ್ತಿದ್ದೇನೆ.

ತಾರಸಿಯ ಮೇಲೆ

ತಿಂಗಳಿಗೊಂದು ಭಾನುವಾರ ನಾವು ಎಂಟು ಹತ್ತು ಜನ ಸರಸ್ವತಿಪುರಂನ ಒಂದು ಮನೆಯ ತಾರಸಿಯಲ್ಲಿ ಸೇರುತ್ತೇವೆ. ಎಲ್ಲರೂ ಒಂದೇ ಪುಸ್ತಕ ಓದಿಕೊಂಡು ಬರಬೇಕು ಅನ್ನುವುದೊಂದೇ ನಿಯಮ. ಉಪ್ಪಿಟ್ಟು, ಕಾಫಿ, ಬಾಳೆಹಣ್ಣು ಇರುತ್ತದೆ. ಈ ಸಲ ಇದೇ ಪುಸ್ತಕ ಇಟ್ಟುಕೊಳ್ಳೋಣ ಅಂತ ನಾನೇ ಹೇಳಿದೆ. ಬೇರೆಯವರಿಗೆ ಏನು ನೆನಪಿರುತ್ತದೆ ಅಂತ ನೋಡಬೇಕಿತ್ತು.

ಇಂಥ ಪುಸ್ತಕಕ್ಕೆ ಬರುವ ಅಭಿಪ್ರಾಯಗಳು ನಿಮಗೂ ಗೊತ್ತಿರುತ್ತವೆ. ಕೈಯಿಂದ ಕೆಳಗಿಡೋಕೆ ಆಗಲ್ಲ ಅನ್ನುವವರು ಒಂದು ಕಡೆ, ಸುಮ್ನೆ ಸಿನಿಮಾ ಥರ ಬರೆದಿದ್ದಾನೆ, ಭಾಷೆ ಇಲ್ಲ, ಪಾತ್ರ ಇಲ್ಲ ಅನ್ನುವವರು ಇನ್ನೊಂದು ಕಡೆ. ಒಂದೇ ದಿನದೊಳಗೆ ಇಷ್ಟೆಲ್ಲ ಆಗಲು ಸಾಧ್ಯವಾ ಅಂತ ಒಬ್ಬರು. ರೋಮ್ ನಗರವನ್ನು ಕಾಲಲ್ಲಿ ನಡೆದಷ್ಟು ಚೆನ್ನಾಗಿ ತೋರಿಸಿದ್ದಾನೆ ಅಂತ ಇನ್ನೊಬ್ಬರು, ಅವರು ಅಲ್ಲಿಗೆ ಹೋಗಿ ಬಂದವರು. ಬರ್ನಿನಿ ಮಾಡಿದ ನಾಲ್ಕು ನದಿಗಳ ಕಾರಂಜಿಯ ಎದುರು ನಿಂತಾಗ ಪುಸ್ತಕದಲ್ಲಿ ಕಾರ್ಡಿನಲ್ ಮುಳುಗುವ ದೃಶ್ಯವೇ ಕಣ್ಣಿಗೆ ಬಂತಂತೆ. ಪುಸ್ತಕದಲ್ಲಿ ಅಕ್ಷರ ತಲೆಕೆಳಗಾದರೂ ಅದೇ ಪದ ಓದಿಸುವ ಚಿತ್ರಗಳಿವೆಯಲ್ಲ, ಜಾನ್ ಲ್ಯಾಂಗ್ಡನ್ ಅನ್ನುವ ಕಲಾವಿದ ಬರೆದುಕೊಟ್ಟದ್ದು, ಕಥಾನಾಯಕನ ಅಡ್ಡಹೆಸರೂ ಅವರದೇ. ನಮ್ಮ ಹುಡುಗ ನೋಟ್‌ಬುಕ್‌ನಲ್ಲಿ ‘ಮೈಸೂರು’ ಅಂತ ಹಾಗೆ ಬರೆಯಲು ಒಂದು ವಾರ ಕೂತಿದ್ದಾನೆ. ಕೊಂಬು, ಐತ್ವ ಎಲ್ಲ ತಲೆಕೆಳಗಾದರೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದೆ ಆರು ಪುಟ ತುಂಬಿಸಿದ್ದ. ಎಲ್ಲರೂ ಆ ನೋಟ್‌ಬುಕ್ ತಿರುಗಿಸಿ ತಿರುಗಿಸಿ ನೋಡಿದರು.

ನನ್ನ ಪ್ರಶ್ನೆ ಕೇಳಿದೆ. ಇಲ್ಯುಮಿನಾಟಿ ಕಥೆಯಲ್ಲಿ ಕೊನೆಗೆ ಏನಾಯಿತು? ಎಂಟು ಜನರಲ್ಲಿ ಇಬ್ಬರಿಗೆ ಮಾತ್ರ ಸರಿಯಾಗಿ ನೆನಪಿತ್ತು. ಒಬ್ಬರು ಮಂಡ್ಯದಿಂದ ಬರುವ ಭೌತಶಾಸ್ತ್ರದ ಮೇಷ್ಟ್ರು, ನಿವೃತ್ತರು. ಇನ್ನೊಬ್ಬರು ಲಷ್ಕರ್ ಮೊಹಲ್ಲಾದ ಆಂಟಿ, ಸೇಂಟ್ ಫಿಲೋಮಿನಾ ಚರ್ಚಿಗೆ ಹುಟ್ಟಿದಾಗಿನಿಂದ ಹೋಗುತ್ತಿರುವವರು.

ಮೇಷ್ಟ್ರಿಗೆ ಯಾಕೆ ನೆನಪಿತ್ತು ಅಂದರೆ ಅವರು ಎಲ್ಲವನ್ನೂ ಪರೀಕ್ಷೆ ಪೇಪರ್ ತಿದ್ದಿದ ಹಾಗೆ ಓದುತ್ತಾರೆ. “ನಿಜವಾದ ಇಲ್ಯುಮಿನಾಟಿ ಶುರುವಾಗಿದ್ದು 1776ರ ಮೇ 1ಕ್ಕೆ, ಬವೇರಿಯಾದ ಇಂಗೊಲ್‌ಸ್ಟಾಟ್‌ನಲ್ಲಿ. ಶುರು ಮಾಡಿದವರು ಆ್ಯಡಮ್ ವೈಸ್‌ಹಾಪ್ಟ್ ಅಂತ ಕಾನೂನು ಮೇಷ್ಟ್ರು. ಹತ್ತು ವರ್ಷ ತುಂಬೋ ಮೊದಲೇ ಅಲ್ಲಿನ ದೊರೆ ಅದನ್ನ ಬ್ಯಾನ್ ಮಾಡಿದ. ಈ ಪುಸ್ತಕದಲ್ಲಿ ಗೆಲಿಲಿಯೋನೂ ಅದರ ಮೆಂಬರ್ ಅಂತಾರೆ. ಗೆಲಿಲಿಯೋ ತೀರಿಕೊಂಡಿದ್ದು 1642ರಲ್ಲಿ. ಸತ್ತು 134 ವರ್ಷ ಆದ ಮೇಲೆ ಹುಟ್ಟಿದ ಸಂಘಕ್ಕೆ ಅವನು ಹೆಂಗಪ್ಪಾ ಮೆಂಬರಾಗ್ತಾನೆ?” ಅಂತ ಹುಡುಗನ ಕಡೆ ತಿರುಗಿ ಕೇಳಿದರು. ಹುಡುಗ ಸುಮ್ಮನಾದ. ಆದರೆ ಅವನ ಮುಖದಲ್ಲಿದ್ದದ್ದು ಒಪ್ಪಿಗೆ ಅಲ್ಲ, ನಿರಾಸೆ. ಯಾರೋ ಅವನ ಕೈಯಿಂದ ಏನೋ ಕಿತ್ತುಕೊಂಡ ಹಾಗೆ.

ಆ ನಿರಾಸೆ ನನಗೆ ಚೆನ್ನಾಗಿ ಗೊತ್ತು. ಗುಟ್ಟೊಂದು ನಮ್ಮ ಕೈಯಲ್ಲಿದೆ ಅನ್ನುವುದು ದೊಡ್ಡ ಖುಷಿ. ಯಾರೋ ಏನನ್ನೋ ಮುಚ್ಚಿಟ್ಟಿದ್ದಾರೆ, ಅದನ್ನು ಕಂಡವರಲ್ಲಿ ನಾನೂ ಒಬ್ಬ. ಪುಸ್ತಕ ಮುಗಿದ ಮೇಲೂ ಆ ಖುಷಿಯನ್ನು ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ. ಅದಕ್ಕೇ ಕೊನೆಯ ಪುಟ ಮರೆತುಹೋಗುತ್ತದೆ. ಕೊನೆಯ ಪುಟ ಗುಟ್ಟನ್ನು ವಾಪಸ್ ಕೇಳುತ್ತದೆ, ನಾವು ಕೊಡುವುದಿಲ್ಲ.

ಬಾಳೆಹಣ್ಣು

ಮೇಷ್ಟ್ರು ಅವತ್ತು ಆಂಟಿಮ್ಯಾಟರ್ ಬಗ್ಗೆಯೂ ಮಾತಾಡಿದರು. ಅದನ್ನು ಬರೆಯಲೇಬೇಕು, ಯಾಕೆಂದರೆ ಅಲ್ಲಿ ಹುಡುಗನ ನಿರಾಸೆ ಸ್ವಲ್ಪ ಕರಗಿತು.

ಕಾದಂಬರಿಯಲ್ಲಿ ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಿಂದ ಕಾಲು ಗ್ರಾಂ ಆಂಟಿಮ್ಯಾಟರ್ ಕಳವಾಗುತ್ತದೆ. ನಿಜವಾದ ಸರ್ನ್‌ನಲ್ಲಿ ಆಂಟಿಹೈಡ್ರೋಜನ್ ಪರಮಾಣು ಮೊದಲು ತಯಾರಾದದ್ದು 1995ರಲ್ಲಿ, ಒಟ್ಟು ಒಂಬತ್ತು. ಒಂಬತ್ತು ಗ್ರಾಂ ಅಲ್ಲ, ಒಂಬತ್ತು ಪರಮಾಣು. ಕಣ್ಣು ಮಿಟುಕಿಸುವುದು ಎಷ್ಟೋ ದೂರ, ಅದಕ್ಕಿಂತ ಮೊದಲೇ ಮಾಯ. 2011ರಲ್ಲಿ ಅಂಥ ಪರಮಾಣುಗಳನ್ನು ಕಾಂತಕ್ಷೇತ್ರದಲ್ಲಿ 1000 ಸೆಕೆಂಡು, ಅಂದರೆ ಹದಿನಾರು ನಿಮಿಷಕ್ಕೂ ಜಾಸ್ತಿ ಹಿಡಿದಿಟ್ಟರು. ಕಾದಂಬರಿ ಬಂದದ್ದು 2000ದಲ್ಲಿ, ಅಂದರೆ ಅಂಥ ಪರಮಾಣುಗಳನ್ನು ಡಬ್ಬಿಯಲ್ಲಿ ಹಿಡಿದಿಡುವ ಮಾತು ಆಗ ಬರೀ ಕಲ್ಪನೆ. ಅಲ್ಲಿ ಈವರೆಗೆ ತಯಾರಾದ ಎಲ್ಲ ಆಂಟಿಮ್ಯಾಟರ್ ಒಟ್ಟು ಮಾಡಿ ಸುಟ್ಟರೂ ಒಂದು ಬಲ್ಬು ಕೆಲವು ನಿಮಿಷ ಉರಿಯುವಷ್ಟು ಶಕ್ತಿ ಸಿಗುತ್ತದೆ ಅಂತ ಸರ್ನ್‌ನವರೇ ಹೇಳುತ್ತಾರೆ. ಈ ಪುಸ್ತಕ ಓದಿದವರ ಪ್ರಶ್ನೆಗಳು ಜಾಸ್ತಿಯಾಗಿ, ಯಾವುದು ನಿಜ ಯಾವುದು ಕಲ್ಪನೆ ಅಂತ ಅವರೇ ಒಂದೊಂದಾಗಿ ಬಿಡಿಸಿ ಬರೆದರು.

ಇಷ್ಟು ಹೇಳಿ ಮೇಷ್ಟ್ರು ತಟ್ಟೆಯಿಂದ ಒಂದು ರಸಬಾಳೆ ಎತ್ತಿಕೊಂಡರು. ನಂಜನಗೂಡು ರಸಬಾಳೆ, ಸಿಪ್ಪೆ ಅಲ್ಲಲ್ಲಿ ಕಪ್ಪಾಗಿತ್ತು, ಇಡೀ ತಾರಸಿಗೆ ವಾಸನೆ ಹರಡಿತ್ತು. “ಇದರಲ್ಲಿ ಪೊಟ್ಯಾಸಿಯಂ ಇದೆ. ಅದರಲ್ಲಿ ಚೂರೇ ಚೂರು ವಿಕಿರಣ ಸೂಸೋ ಜಾತಿದು. ಒಂದು ಸಾಧಾರಣ ಬಾಳೆಹಣ್ಣಿನಿಂದ ಸುಮಾರು 75 ನಿಮಿಷಕ್ಕೊಂದು ಪಾಸಿಟ್ರಾನ್ ಹೊರಗೆ ಬರುತ್ತೆ. ಪಾಸಿಟ್ರಾನ್ ಅಂದ್ರೆ ಆಂಟಿಮ್ಯಾಟರ್ರೇ ಕಣಪ್ಪಾ. ನಾವು ಇಲ್ಲಿ ಬಂದು ಕೂತ ಮೇಲೆ ಈ ಹಣ್ಣಿಂದ ಒಂದೋ ಎರಡೋ ಬಂದು ಹೋಗಿರಬೇಕು.” ಹುಡುಗ ಆ ಹಣ್ಣನ್ನು ಇಸ್ಕೊಂಡು ಅಂಗೈಯಲ್ಲಿ ಇಟ್ಟುಕೊಂಡು ಕೂತ. ತಿನ್ನಲಿಲ್ಲ. ಆಸ್ಪತ್ರೆಯಲ್ಲಿ ಪೆಟ್ ಸ್ಕ್ಯಾನ್ ಮಾಡುವುದೂ ಇದೇ ಪಾಸಿಟ್ರಾನ್ ಹಿಡಿದುಕೊಂಡೇ ಅಂತ ಮೇಷ್ಟ್ರು ಹೇಳಿದಾಗ, ನಮ್ಮಲ್ಲೊಬ್ಬರು ಹೋದ ವರ್ಷ ತಮಗೆ ಆ ಸ್ಕ್ಯಾನ್ ಆದದ್ದನ್ನು ನೆನೆಸಿಕೊಂಡು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನನಗೆ ಅನಿಸಿದ್ದು ಇಷ್ಟು. ವ್ಯಾಟಿಕನ್ ಸುಡುವ ಡಬ್ಬಿ ಸುಳ್ಳು ಅಂತ ಗೊತ್ತಾದಾಗ ಮನಸ್ಸು ಖಾಲಿಯಾಗುತ್ತದೆ. ಆ ಜಾಗಕ್ಕೆ ಬಾಳೆಹಣ್ಣು ಬಂದರೆ ಖಾಲಿ ತುಂಬುತ್ತದೆ. ಆದರೆ ಬಾಳೆಹಣ್ಣು ತಂದುಕೊಡಲು ಮೇಷ್ಟ್ರಂಥವರು ಪಕ್ಕದಲ್ಲಿರಬೇಕು. ಒಬ್ಬನೇ ರಾತ್ರಿ ಎರಡು ಗಂಟೆಗೆ ಪುಸ್ತಕ ಮುಚ್ಚಿದವನಿಗೆ ಸಿಗುವುದು ಫೋನು. ಫೋನಿನಲ್ಲಿ ಸರ್ನ್ ಅಂತ ಹುಡುಕಿದರೆ ಏನೇನು ಬರುತ್ತದೆ ನೋಡಿ. ಅಲ್ಲಿ 2 ಮೀಟರ್ ಎತ್ತರದ ನಟರಾಜನ ವಿಗ್ರಹ ಇದೆ, 2004ರಲ್ಲಿ ಭಾರತ ಸರ್ಕಾರ ಕೊಟ್ಟ ಉಡುಗೊರೆ. ನಮ್ಮ ವಿಜ್ಞಾನಿಗಳು ಅಲ್ಲಿ ಬಹಳ ವರ್ಷದಿಂದ ಕೆಲಸ ಮಾಡುತ್ತಿರುವ ನೆನಪಿಗೆ ಕೊಟ್ಟದ್ದು. ಅದನ್ನು ನೋಡಿ ಒಂದಷ್ಟು ಜನ ವಿಜ್ಞಾನಿಗಳು ಪ್ರಳಯ ತರಲು ಶಿವಪೂಜೆ ಮಾಡುತ್ತಿದ್ದಾರೆ ಅಂತ ಕಥೆ ಕಟ್ಟಿದರು. 2016ರಲ್ಲಿ ಯಾರೋ ಆ ವಿಗ್ರಹದ ಮುಂದೆ ನರಬಲಿಯ ನಾಟಕ ಮಾಡಿ ವಿಡಿಯೋ ತೆಗೆದರು, ಸರ್ನ್ ಅದರ ಬಗ್ಗೆ ವಿಚಾರಣೆ ಮಾಡಬೇಕಾಯಿತು. ನಮ್ಮ ಕಡೆಯ ಫಾರ್ವರ್ಡ್ ಬೇರೆ ಥರ, ನೋಡಿ ವಿಜ್ಞಾನ ಕೊನೆಗೂ ನಮ್ಮ ದೇವರಿಗೆ ಶರಣಾಯಿತು ಅಂತ. ಎರಡೂ ಒಂದೇ ರೋಗ. ಉಡುಗೊರೆಯನ್ನು ಉಡುಗೊರೆ ಅಂತ ನೋಡಲು ಯಾರಿಗೂ ಮನಸ್ಸಿಲ್ಲ, ಅದರ ಹಿಂದೆ ಇನ್ನೇನೋ ಇರಲೇಬೇಕು.

ಅದೇ ಸರ್ನ್‌ನಲ್ಲಿ 1989ರಲ್ಲಿ ಟಿಮ್ ಬರ್ನರ್ಸ್-ಲೀ ವರ್ಲ್ಡ್ ವೈಡ್ ವೆಬ್ ಯೋಚನೆ ಬರೆದಿಟ್ಟರು. 1993ರಲ್ಲಿ ಸರ್ನ್ ಅದನ್ನು ಯಾರು ಬೇಕಾದರೂ ಪುಕ್ಕಟೆ ಬಳಸಬಹುದು ಅಂತ ಜಗತ್ತಿಗೆ ಬಿಟ್ಟುಕೊಟ್ಟಿತು. ನೀವು ಇದನ್ನು ಓದುತ್ತಿರುವುದು ಆ ಬಾಗಿಲು ತೆರೆದಿರುವುದರಿಂದ.

ಆಂಟಿಗೆ ಬೇಕಾಗಿದ್ದವರು

ಚರ್ಚಿನ ಆಂಟಿಗೆ ಈ ಪುಸ್ತಕದ ಮೇಲೆ ಕೋಪ ಇರುತ್ತದೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಕೋಪ ಇತ್ತು, ಆದರೆ ನಾವು ಅಂದುಕೊಂಡ ಕಾರಣಕ್ಕಲ್ಲ. “ಶುರುವಿನಲ್ಲೇ ಒಬ್ಬರು ಸಾಯ್ತಾರಲ್ಲ, ಪಾದ್ರಿನೂ ಹೌದು ವಿಜ್ಞಾನಿನೂ ಹೌದು. ನಂಗೆ ಬೇಕಾಗಿದ್ದೇ ಅವರು. ಅವರು ಬೆಳಗ್ಗೆ ಪೂಜೆ ಮುಗಿಸಿ ಲ್ಯಾಬಿಗೆ ಹೋಗುವಾಗ ಏನು ಯೋಚನೆ ಮಾಡ್ತಿದ್ರು? ರಾತ್ರಿ ಜಪ ಮಾಡುವಾಗ ಲ್ಯಾಬ್ ನೆನಪಾಗ್ತಿತ್ತಾ? ಅದನ್ನ ಬರೀಲೇ ಇಲ್ಲ. ಕೊಂದು ಹಾಕಿ ಎಲ್ಲರನ್ನೂ ಓಡಿಸೋಕೆ ಶುರು ಮಾಡಿದರು.”

ಇಷ್ಟು ವರ್ಷದಲ್ಲಿ ಈ ಕಾದಂಬರಿ ಬಗ್ಗೆ ನಾನು ಕೇಳಿದ ಅಭಿಪ್ರಾಯಗಳಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ. ಅಂಥವರು ನಿಜಕ್ಕೂ ಇದ್ದರು. ಜಾರ್ಜ್ ಲೆಮೈತ್ರ್, ಬೆಲ್ಜಿಯಂನ ಕ್ಯಾಥೊಲಿಕ್ ಪಾದ್ರಿ. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲಿ ಬರೆದರು, ಎಲ್ಲ ಒಂದು ಆದಿ ಪರಮಾಣುವಿನಿಂದ ಶುರುವಾಗಿರಬೇಕು ಅಂತ 1931ರಲ್ಲಿ ಹೇಳಿದರು. ಮುಂದೆ ಬಿಗ್ ಬ್ಯಾಂಗ್ ಅಂತ ಹೆಸರಾದದ್ದು ಅದೇ. ಕಾದಂಬರಿಯ ಪಾದ್ರಿ ತನ್ನ ಪ್ರಯೋಗದಿಂದ ದೇವರ ಸೃಷ್ಟಿಯನ್ನು ತೋರಿಸಿಬಿಟ್ಟೆ ಅಂತ ನಂಬುತ್ತಾನೆ. ನಿಜವಾದ ಪಾದ್ರಿ ಹಾಗಲ್ಲ. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಅವರೇ ಈ ಸಿದ್ಧಾಂತ ಸೃಷ್ಟಿಯ ಮಾತಿಗೆ ಹೊಂದುತ್ತದೆ ಅನ್ನುವ ಹಾಗೆ ಭಾಷಣ ಮಾಡಿದಾಗ ಲೆಮೈತ್ರ್ ಅವರಿಗೆ ಅದು ಹಿಡಿಸಲಿಲ್ಲ. ನಂಬಿಕೆಗೆ ಭೌತಶಾಸ್ತ್ರದ ಸಾಕ್ಷಿ ಕೂಡಿಸಬೇಡಿ ಅನ್ನುವುದು ಅವರ ನಿಲುವು. 1966ರಲ್ಲಿ ತೀರಿಕೊಳ್ಳುವ ಸ್ವಲ್ಪ ಮೊದಲು, ಆ ಆದಿಸ್ಫೋಟದ ಕಾವು ಇನ್ನೂ ಆಕಾಶದಲ್ಲೆಲ್ಲ ಉಳಿದಿರುವುದು ಪತ್ತೆಯಾಗಿದೆ ಅನ್ನುವ ಸುದ್ದಿ ಅವರಿಗೆ ಮುಟ್ಟಿತು. ಇದನ್ನು ಮೇಷ್ಟ್ರು ಹೇಳುತ್ತಿದ್ದಾಗ ಆಂಟಿ ಕಾಫಿ ಲೋಟ ಕೆಳಗಿಟ್ಟು ಕೇಳಿಸಿಕೊಂಡರು. ಥ್ರಿಲ್ಲರ್‌ಗೆ ಇಂಥವರು ಒಗ್ಗುವುದಿಲ್ಲ. ಧರ್ಮ ಮತ್ತು ವಿಜ್ಞಾನ ಒಬ್ಬನೇ ಮನುಷ್ಯನೊಳಗೆ ಜಗಳವಾಡದೆ ಕೂತಿದ್ದರೆ ಓಡುವುದು ಯಾರು, ಅಟ್ಟಿಸಿಕೊಂಡು ಹೋಗುವುದು ಯಾರು?

ಜೋಳವೋ ಮುತ್ತೋ

ನಮ್ಮ ಸುತ್ತಮುತ್ತಲೂ ಇಂಥ ಸಂಕೇತಗಳಿಗೆ ಬರ ಇಲ್ಲ. ಸೋಮನಾಥಪುರಕ್ಕೆ ಹೋದವರಿಗೆ ಗೊತ್ತಿರುತ್ತದೆ, 13ನೇ ಶತಮಾನದ ಕೇಶವ ದೇವಸ್ಥಾನದ ಹೊರಗೋಡೆಯಲ್ಲಿ ಕೆಲವು ಮೂರ್ತಿಗಳ ಕೈಯಲ್ಲಿ ಮುಸುಕಿನ ಜೋಳದ ತೆನೆಯಂಥದ್ದು ಇದೆ. ಮುಸುಕಿನ ಜೋಳ ಹುಟ್ಟಿದ್ದು ಅಮೆರಿಕದಲ್ಲಿ. ಕೊಲಂಬಸ್ ಅಲ್ಲಿಗೆ ಹೋದದ್ದು 1492ರಲ್ಲಿ. ಹಾಗಾದರೆ ಅದಕ್ಕೂ ಇನ್ನೂರು ವರ್ಷದ ಮೊದಲು ಹೊಯ್ಸಳರ ಶಿಲ್ಪಿಗೆ ಜೋಳದ ತೆನೆ ಎಲ್ಲಿ ಸಿಕ್ಕಿತು? ಇಷ್ಟು ಸಾಕು, ನನ್ನ ಮೈಯಲ್ಲಿ ಈಗಲೂ ಜುಮ್ಮೆನ್ನುತ್ತದೆ. 1989ರಲ್ಲಿ ಜೊಹಾನೆಸ್ಸೆನ್ ಮತ್ತು ಪಾರ್ಕರ್ ಅನ್ನುವ ಇಬ್ಬರು ಸಂಶೋಧಕರು ಇದು ಜೋಳವೇ ಅಂತ ಬರೆದರು. 1993ರಲ್ಲಿ ನಮ್ಮವರೇ ಆದ ಪಾಯಕ್ ಮತ್ತು ಸಚಾನ್ ಅದೇ ಪತ್ರಿಕೆಯಲ್ಲಿ ಉತ್ತರ ಬರೆದರು. ಇದು ಜೋಳ ಅಲ್ಲ, ಮುಕ್ತಾಫಲ, ಮುತ್ತುಗಳನ್ನು ಕೂಡಿಸಿ ಮಾಡಿದ ಕಲ್ಪನೆಯ ಹಣ್ಣು ಅಂತ.

ಒಂದು ಸಲ ನಾನು ಹೊರಗೆ ಸುಟ್ಟ ಜೋಳ ಕೊಂಡು ತಿಂದು, ದಿಂಡನ್ನು ಕವರಿನಲ್ಲಿ ಹಾಕಿಕೊಂಡು ಒಳಗೆ ಹೋಗಿ ಒಂದು ಮೂರ್ತಿಯ ಮುಂದೆ ನಿಂತು ಹೋಲಿಸಿ ನೋಡಿದ್ದೇನೆ. ಕಾಳು ಸಾಲು ಸಾಲಾಗಿ ಕೂತ ಬಗೆ ನೋಡಿದರೆ ಜೋಳ ಅನಿಸುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಅದೇ ಮೂರ್ತಿಯ ಸೊಂಟದ ಪಟ್ಟಿ, ಕೊರಳ ಹಾರ, ಕಿರೀಟ ನೋಡಿದರೆ ಅಲ್ಲೆಲ್ಲ ಅದೇ ಉರುಟು ಮಣಿಗಳು, ಅದೇ ಸಾಲು. ಆಗ ಮುತ್ತು ಅನಿಸುತ್ತದೆ. ಬಳಪದ ಕಲ್ಲಿನಲ್ಲಿ ಅವರು ಮಣಿ ಬಿಡಿಸದ ಜಾಗವೇ ಇಲ್ಲ. ನಾನು ಈಗ ಮುತ್ತಿನ ಕಡೆ ಇದ್ದೇನೆ. ಆದರೆ ಅಲ್ಲಿಗೆ ಹೋದಾಗ ಗೈಡುಗಳು ಜೋಳದ ಕಥೆ ಹೇಳುವುದನ್ನು ಕೇಳಿದ್ದೇನೆ, ಮುತ್ತಿನ ಕಥೆ ಒಂದು ಸಲವೂ ಕೇಳಿಲ್ಲ. ಪ್ರಶ್ನೆ ಬಸ್ಸು ಹತ್ತಿ ಊರೂರಿಗೆ ಹೋಗುತ್ತದೆ, ಉತ್ತರ ಲೈಬ್ರರಿಯಲ್ಲೇ ಕೂತಿರುತ್ತದೆ.

ಮೂರು ಹೆಂಚು

ಆ ಭಾನುವಾರ ಸಭೆ ಮುಗಿಯುವ ಹೊತ್ತಿಗೆ ಹುಡುಗ ಆಂಟಿಯನ್ನು ಕೇಳಿದ, “ಆಂಟಿ, ನಮ್ಮ ಚರ್ಚಿನಲ್ಲೂ ನೆಲಮಾಳಿಗೆ ಇದೆಯಂತಲ್ಲ, ಅಲ್ಲಿ ಏನಿದೆ?” ಅವನು ಹುಟ್ಟಿ ಬೆಳೆದದ್ದು ಮೈಸೂರಿನಲ್ಲೇ. ಬಸ್ಸಿನಲ್ಲಿ ಹೋಗುವಾಗ ಆ ಎರಡು ಗೋಪುರ ನೋಡದ ವಾರ ಇಲ್ಲ. ಒಳಗೆ ಕಾಲಿಟ್ಟಿಲ್ಲ. ಆಂಟಿ ಸ್ವಲ್ಪ ಹೊತ್ತು ಅವನನ್ನೇ ನೋಡಿದರು. “ನಾನು ಚಿಕ್ಕವಳಿದ್ದಾಗಿನಿಂದ ಅಲ್ಲಿ ಮೇಣದಬತ್ತಿ ಹಚ್ತಿದೀನಪ್ಪ. ಬಾ, ಯಾವತ್ತು ಬರ್ತೀಯ ಹೇಳು.”

ಬುಧವಾರ ಸಂಜೆ ಮೂವರೂ ಹೋದೆವು. ಹೋಗುವ ದಾರಿಯಲ್ಲಿ ಆಂಟಿ ಹೇಳಿದ ಕಥೆ ಕೇಳಿ ನನಗೇ ಆಶ್ಚರ್ಯವಾಯಿತು. ಇಷ್ಟು ವರ್ಷ ಇದೇ ಊರಲ್ಲಿದ್ದೂ ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ಹುಡುಕಿ ಓದಿದೆ, ಅವರು ಹೇಳಿದ್ದೆಲ್ಲ ಸರಿಯಾಗಿತ್ತು.

1802ರ ಮೇ ತಿಂಗಳಲ್ಲಿ ರೋಮ್‌ನ ಪ್ರಿಸಿಲ್ಲಾ ಅನ್ನುವ ನೆಲದಡಿಯ ಹಳೆಯ ಸ್ಮಶಾನದಲ್ಲಿ ಒಂದು ಗೂಡು ಸಮಾಧಿ ಸಿಕ್ಕಿತು. ಬಾಯಿಗೆ ಮೂರು ಸುಟ್ಟ ಮಣ್ಣಿನ ಹೆಂಚು ಮುಚ್ಚಿತ್ತು. ಅದರ ಮೇಲೆ ಕೆಂಪು ಬಣ್ಣದಲ್ಲಿ ಅಕ್ಷರ. ಮೊದಲ ಹೆಂಚಿನಲ್ಲಿ ‘ಲುಮೆನಾ’, ಎರಡನೆಯದರಲ್ಲಿ ‘ಪಾಕ್ಸ್ ತೆ’, ಮೂರನೆಯದರಲ್ಲಿ ‘ಕುಮ್ ಫಿ’. ಹಾಗೇ ಓದಿದರೆ ಅರ್ಥ ಇಲ್ಲ. ಮೊದಲ ಹೆಂಚನ್ನು ತೆಗೆದು ಕೊನೆಗೆ ಇಟ್ಟರೆ ‘ಪಾಕ್ಸ್ ತೇಕುಮ್ ಫಿಲುಮೆನಾ’. ಫಿಲುಮೆನಾ, ನಿನಗೆ ಶಾಂತಿಯಿರಲಿ. ಅಕ್ಷರಗಳ ಜೊತೆಗೆ ಲಂಗರು, ಬಾಣ, ತಾಳೆಗರಿಯ ಚಿತ್ರ. ಒಳಗೆ ಎಳೆಯ ಹುಡುಗಿಯೊಬ್ಬಳ ಎಲುಬು. ಬಾಣ ಹೊಡೆದರು, ಲಂಗರು ಕಟ್ಟಿ ನೀರಿಗೆ ಎಸೆದರು, ಧರ್ಮಕ್ಕಾಗಿ ಸತ್ತ ಕನ್ಯೆ ಇವಳು ಅಂತ ಜನ ಆ ಚಿತ್ರಗಳನ್ನು ಓದಿದರು. ಎಲುಬುಗಳು ಮುನ್ಯಾನೊ ಅನ್ನುವ ಊರಿಗೆ ಹೋದವು, ಪವಾಡಗಳ ಸುದ್ದಿ ಹರಡಿತು, ಭಕ್ತಿ ದೇಶದೇಶ ದಾಟಿ ನಮ್ಮ ಮೈಸೂರಿಗೂ ಬಂತು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಇದೇ ಸಂತಳ ಹೆಸರಿನ ಈ ಚರ್ಚಿಗೆ ಅಡಿಗಲ್ಲು ಇಟ್ಟರು.

ಮುಂದಿನದು ಕೇಳಿ. 20ನೇ ಶತಮಾನದ ಶುರುವಿನಲ್ಲಿ ಒರಾಜಿಯೋ ಮಾರುಕ್ಕಿ ಅನ್ನುವ ಪುರಾತತ್ವದ ವಿದ್ವಾಂಸರು ಬೇರೆ ಮಾತು ಹೇಳಿದರು. ಹೆಂಚುಗಳು ಅದಲುಬದಲಾಗಿರುವುದು ಗುಟ್ಟಿನಿಂದಲ್ಲ. ಹಳೆಯ ಸಮಾಧಿಯ ಹೆಂಚನ್ನು ಕಿತ್ತು ಇನ್ನೊಂದಕ್ಕೆ ಮುಚ್ಚಿದ್ದಾರೆ, ಇದು ಆ ಹೆಸರಿನವಳ ಸಮಾಧಿ ಅಲ್ಲ ಅಂತ ಕಾಣಲಿ ಅಂತಲೇ ಸಾಲು ತಪ್ಪಿಸಿದ್ದಾರೆ. ಲಂಗರು ಆ ಕಾಲದ ಕ್ರೈಸ್ತರ ಸಮಾಧಿಗಳಲ್ಲಿ ಸಾಮಾನ್ಯ, ಅದರ ಅರ್ಥ ಭರವಸೆ. ಅಂದರೆ ಒಳಗಿದ್ದ ಹುಡುಗಿಯ ಹೆಸರು ಫಿಲುಮೆನಾ ಆಗಿರಲೇಬೇಕು ಅಂತ ಇಲ್ಲ. 1961ರಲ್ಲಿ ರೋಮ್‌ನ ಚರ್ಚೇ ಅವಳ ಹಬ್ಬವನ್ನು ಪೂಜಾ ಪಂಚಾಂಗದಿಂದ ತೆಗೆಯಿತು.

ಯೋಚನೆ ಮಾಡಿ. ಅದಲುಬದಲಾದ ಅಕ್ಷರ, ಸಂಕೇತ, ನೆಲದಡಿಯ ಸಮಾಧಿ, ರೋಮ್, ವ್ಯಾಟಿಕನ್. ಕಾದಂಬರಿಗೆ ಬೇಕಾದ್ದೆಲ್ಲ ಇದೆ, ಒಂದನ್ನು ಬಿಟ್ಟು. ಮುಚ್ಚಿಟ್ಟವರು ಯಾರೂ ಇಲ್ಲ. ಅನುಮಾನ ಎತ್ತಿದವರು ಅದೇ ಧರ್ಮದ ವಿದ್ವಾಂಸರು, ಎಲ್ಲ ಅಚ್ಚಾಗಿದೆ, ಯಾರು ಬೇಕಾದರೂ ಓದಬಹುದು. ಅದಕ್ಕೇ ಇರಬೇಕು ಯಾರಿಗೂ ಗೊತ್ತಿಲ್ಲ.

ನಾವು ಹೋದಾಗ ಒಳಗೆ ಜಾಸ್ತಿ ಜನ ಇರಲಿಲ್ಲ. ನೆಲಮಾಳಿಗೆಗೆ ಇಳಿದರೆ ಹೊರಗಿನ ಆಟೋ ಸದ್ದು ನಿಂತುಹೋಗುತ್ತದೆ. ಮೇಣ ಕರಗಿದ ವಾಸನೆ, ಸ್ವಲ್ಪ ತಂಪು. ಮಲಗಿರುವ ಫಿಲೋಮಿನಾಳ ಮೂರ್ತಿ, ಸಣ್ಣ ಮುಖ. ಹುಡುಗ ಗೋಡೆ, ಮೂಲೆ, ಚಾವಣಿ ಎಲ್ಲ ನೋಡಿದ. ಏನು ಹುಡುಕುತ್ತಿದ್ದಾನೆ ಅಂತ ನನಗೆ ಗೊತ್ತಿತ್ತು. ಆಂಟಿ ಮುಸುಕು ಸರಿಮಾಡಿಕೊಂಡು ಕಣ್ಣು ಮುಚ್ಚಿ ನಿಂತಿದ್ದರು. ತುಟಿ ಮಾತ್ರ ಅಲುಗಾಡುತ್ತಿತ್ತು. ಮುಗಿಸುವವರೆಗೆ ಕಾದು ಹುಡುಗ ಮೆಲ್ಲಗೆ ಕೇಳಿದ.

“ಆಂಟಿ, ಪಂಚಾಂಗದಿಂದ ತೆಗೆದ್ರು ಅಂತ ಗೊತ್ತಾದಾಗ ನಿಮಗೆ ಬೇಜಾರಾಗಲಿಲ್ವಾ?”

“ನಮ್ಮಮ್ಮನಿಗೆ ಆಗಿತ್ತು. ನಾನು ಆಗ ಪುಟ್ಟ ಹುಡುಗಿ. ಅಮ್ಮ ಅವತ್ತು ಸಂಜೆನೂ ಇಲ್ಲಿಗೇ ಕರ್ಕೊಂಡು ಬಂದಿದ್ರು.”

“ಹಾಗಾದ್ರೆ ಆ ಹೆಂಚಿನ ಹಿಂದೆ ಇದ್ದಿದ್ದು ಯಾರು?”

ಆಂಟಿ ಬ್ಯಾಗಿನಿಂದ ಮೇಣದಬತ್ತಿ ತೆಗೆದು ಪಕ್ಕದ ಜ್ಯೋತಿಯಿಂದ ಹಚ್ಚಿಕೊಂಡರು. “ಯಾರೋ ಒಂದು ಹುಡುಗಿ ಕಣಪ್ಪ. ಹದಿಮೂರೋ ಏನೋ ವಯಸ್ಸು. ಹೆಸರು ಅದೋ ಇನ್ನೊಂದೋ. ಯಾರೋ ಅವಳನ್ನ ಮಲಗಿಸಿ, ಸಿಕ್ಕಿದ ಹೆಂಚನ್ನ ಮುಚ್ಚಿ ಹೋಗಿದ್ದಾರೆ.”

ಹುಡುಗ ಮತ್ತೇನೂ ಕೇಳಲಿಲ್ಲ. ಆಂಟಿ ಇನ್ನೊಂದು ಮೇಣದಬತ್ತಿ ಅವನ ಕೈಗೆ ಕೊಟ್ಟರು. ಎಲ್ಲಿ ಇಡಬೇಕು ಅಂತ ಅವನಿಗೆ ಗೊತ್ತಾಗಲಿಲ್ಲ, ಅವರೇ ಕೈ ಹಿಡಿದು ತೋರಿಸಿದರು.